ಎರಡೂವರೆ ಲಕ್ಷ ಕಿಲೋಮೀಟರ್ ಆದಮೇಲಿನ ರಿವ್ಯೂ

ಕಾರಿನ ರಿವ್ಯೂ ಮಾಡೋರು ಈಗ ಕನ್ನಡದಲ್ಲೂ ಬೇಕಾದಷ್ಟು ಮಂದಿ ಇದ್ದಾರೆ. ನಾನು ಬಹುತೇಕ ಎಲ್ಲರನ್ನೂ ನೋಡ್ತೀನಿ. ರಾತ್ರಿ ಊಟದ ಹೊತ್ತಿಗೆ ಅದೇ ನನ್ನ ಧಾರಾವಾಹಿ. ಕೆಲವರು ನಿಜಕ್ಕೂ ಚೆನ್ನಾಗಿ ಮಾಡ್ತಾರೆ. ಆದರೆ ನೂರು ವಿಡಿಯೊ ನೋಡಿದ ಮೇಲೆ ಅಚ್ಚು ಒಂದೇ ಅಂತ ಗೊತ್ತಾಗುತ್ತೆ. ಮೊದಲು ಡ್ರೋನ್ ಶಾಟ್. ಆಮೇಲೆ ಬಾಗಿಲು ಮುಚ್ಚಿ ‘ಧಡ್’ ಅನ್ನೋ ಸದ್ದು ಕೇಳಿಸೋದು. ಡ್ಯಾಶ್‌ಬೋರ್ಡನ್ನ ಬೆರಳಲ್ಲಿ ಒತ್ತಿ ‘ಸಾಫ್ಟ್ ಟಚ್’ ಅನ್ನೋದು. ಸನ್‌ರೂಫ್ ತೆಗೆದು ಮುಚ್ಚೋದು. ಹಿಂದಿನ ಸೀಟಲ್ಲಿ ಕೂತು ಮೊಣಕಾಲಿನ ಮುಂದೆ ಅಂಗೈ ಇಟ್ಟು ಜಾಗ ಅಳೆಯೋದು. ಕಂಪನಿ ಕೊಟ್ಟ ಕಾರು, ಎರಡು ದಿನ, ಮುನ್ನೂರೋ ನಾನೂರೋ ಕಿಲೋಮೀಟರ್. ಕೊನೆಗೆ ತೀರ್ಪು.

ತೀರ್ಪು ಸರಿಯೋ ತಪ್ಪೋ ಆಮೇಲಿನ ಮಾತು. ನನ್ನ ತಕರಾರು ಅದು ಬರೋ ಹೊತ್ತಿನ ಬಗ್ಗೆ. ಮದುವೆ ಮಂಟಪದಲ್ಲಿ ನಿಂತು ಸಂಸಾರದ ವಿಮರ್ಶೆ ಮಾಡಿದ ಹಾಗೆ ಇದು. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ, ಡೆಮೊ ನೋಡಿ ಪ್ರೊಡಕ್ಷನ್‌ಗೆ ಸರ್ಟಿಫಿಕೇಟ್ ಕೊಡೋದು. ಡೆಮೊದಲ್ಲಿ ಎಲ್ಲ ಸಾಫ್ಟ್‌ವೇರೂ ಓಡುತ್ತೆ. ಬೆಳಗಿನ ಜಾವ ಮೂರು ಗಂಟೆಗೆ ಕೆಟ್ಟಾಗ ಯಾರು ಏಳಬೇಕು, ಎಷ್ಟು ಹೊತ್ತಲ್ಲಿ ಸರಿಹೋಗುತ್ತೆ, ಆ ಕೋಡ್ ಓದೋರು ಇನ್ನೂ ಕಂಪನಿಯಲ್ಲಿ ಇದ್ದಾರಾ ಅನ್ನೋದು ಡೆಮೊ ದಿನ ಯಾರೂ ಕೇಳದ ಪ್ರಶ್ನೆ. ಕಾರಿನ ವಿಷಯದಲ್ಲೂ ಅಷ್ಟೇ.

ನಮ್ಮ ಕಡೆ, ಅಂದ್ರೆ ಗುಳೇದಗುಡ್ಡದ ಕಡೆ, ವಸ್ತು ನೋಡೋಕೆ ಬೇರೆ ಪದ್ಧತಿ ಇದೆ. ಖಣ ನೇಯೋ ಊರು ಅದು. ಇಳಕಲ್ ಸೀರೆ ಜೋಡಿ ಉಡೋ ಕುಪ್ಪಸದ ಬಟ್ಟೆ ಅಂದ್ರೆ ಗುಳೇದಗುಡ್ಡದ ಖಣ. ನಮ್ಮವ್ವ ಖಣ ಕೊಳ್ಳೋಕೆ ನಿಂತರೆ ಮೊದಲು ನೋಡೋದು ಅದರ ಬೆನ್ನು. ಅಂಗಡಿಯವರು ಮೇಲ್ಮೈ ಹರವಿದ್ರೆ ಇವಳು ಮೂಲೆ ಹಿಡಿದು ತಿರುಗಿಸ್ತಾಳೆ. ಎಳೆ ಎಲ್ಲಿ ತುಂಡಾಗಿದೆ, ಗಂಟು ಎಲ್ಲಿ ಕೂತಿದೆ ಅಂತ ಹುಡುಕ್ತಾಳೆ. ಆಮೇಲೆ ಬೆರಳು ಒದ್ದೆ ಮಾಡಿ ಬಣ್ಣದ ಮೇಲೆ ಉಜ್ಜುತ್ತಾಳೆ. ಅಷ್ಟಾದ ಮೇಲೂ ಪೂರ್ತಿ ಹೊಗಳೋದು ನಾಲ್ಕು ಒಗೆತ ಕಂಡ ಮೇಲೇ. ಇದೂ ವಿಮರ್ಶೆನೇ. ಕಾರನ್ನ ಹೀಗೆ ತಿರುವಿ ನೋಡೋ ರಿವ್ಯೂ ಇದೆಯಾ?

ನನಗೆ ಗೊತ್ತಿರೋದು ಒಂದಿದೆ. ಇನ್ನೂರು ಪುಟದ ನೋಟ್‌ಬುಕ್, ರಟ್ಟಿಗೆ ಹಳೇ ಕ್ಯಾಲೆಂಡರಿನ ಹೊದಿಕೆ, ಬರೆದವರು ನಿವೃತ್ತ ಪ್ರಾಥಮಿಕ ಶಾಲಾ ಮಾಸ್ತರು. ಅಂದ್ರೆ ನಮ್ಮಪ್ಪ. 2011ರ ಮೇ ತಿಂಗಳಲ್ಲಿ ತಗೊಂಡ ಡೀಸೆಲ್ ಸೆಡಾನ್‌ಗೆ ಅವತ್ತಿನಿಂದ ಇವತ್ತಿನವರೆಗೆ ಏನೇನು ಮಾಡಿಸಿದೀವಿ ಅಂತ ಹಾಜರಿ ಪುಸ್ತಕದ ಹಾಗೆ ಗೆರೆ ಎಳೆದು ಬರೆದಿದ್ದಾರೆ. ದಿನಾಂಕ, ಕಿಲೋಮೀಟರ್, ಕೆಲಸ, ಮಾಡಿದವರು, ರೊಕ್ಕ, ಕೊನೆಗೆ ‘ಷರಾ’. ಈಗ ಓಡೊಮೀಟರ್ 2,40,000 ದಾಟಿ ಎರಡೂವರೆ ಲಕ್ಷದ ಕಡೆ ಹೊರಟಿದೆ. ನನ್ನ ಲೆಕ್ಕದಲ್ಲಿ ಕಾರಿನ ಬಗ್ಗೆ ಕನ್ನಡದಲ್ಲಿ ಬಂದ ಅತ್ಯುತ್ತಮ ರಿವ್ಯೂಗಳಲ್ಲಿ ಈ ನೋಟ್‌ಬುಕ್ ಒಂದು. ಅದನ್ನ ಓದಿದಾಗ ಏನು ಕಾಣುತ್ತೆ ಅಂತ ಹೇಳೋದು ಈ ಬರಹದ ಕೆಲಸ.

ಅದಕ್ಕೂ ಮುಂಚೆ ಇಲ್ಲಿ ಪಣಕ್ಕಿರೋದು ಏನು ಅಂತ ಹೇಳಿಬಿಡ್ತೀನಿ. ಅವ್ವನಿಗೆ ಎರಡು ವರ್ಷದಿಂದ ವಾರಕ್ಕೆ ಎರಡು ಸಲ ಡಯಾಲಿಸಿಸ್. ಊರಿಂದ ಬಾಗಲಕೋಟೆಗೆ ಹೋಗಿ ಬರಬೇಕು. ಅಲ್ಲಿ ನಾಲ್ಕು ತಾಸು ಯಂತ್ರದ ಪಕ್ಕ ಮಲಗಿ ಎದ್ದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲೋ ಶಕ್ತಿ ಇರೋದಿಲ್ಲ. ಡ್ರೈವರ್ 68 ವರ್ಷದ ಅಪ್ಪ. ನಾನು ಇರೋದು ಬೆಂಗಳೂರಲ್ಲಿ, ಸುಮಾರು 450 ಕಿಲೋಮೀಟರ್ ದೂರ. ಊರಿನ ಹೆಸರಲ್ಲೇ ‘ಗುಳೆ’ ಇದೆ ಅಂತ ನಮ್ಮ ಕಡೆ ಮಂದಿ ನಗಾಡ್ತಾರೆ. ಗುಳೆ ಹೋದೋರ ಪೈಕಿ ನಾನೂ ಒಬ್ಬ. ಹಾಗಾಗಿ ‘ಹಳೇ ಗಾಡಿ ಇಟ್ಕೋಬೇಕಾ, ಕೊಡಬೇಕಾ’ ಅನ್ನೋದು ನನಗೆ ಹವ್ಯಾಸದ ಚರ್ಚೆ ಅಲ್ಲ. ಮುಂದಿನ ವರ್ಷ ಕಾರಿಗೆ ಹದಿನೈದು ತುಂಬುತ್ತೆ, ಆರ್‌ಸಿ ರಿನ್ಯೂವಲ್ ಬರುತ್ತೆ. ಅಷ್ಟರೊಳಗೆ ತೀರ್ಮಾನ ಆಗಬೇಕು.

ಈಗ ನೋಟ್‌ಬುಕ್. ಮೊದಲ ಎಂಬತ್ತು ಸಾವಿರ ಕಿಲೋಮೀಟರ್ ತನಕ ಏನೂ ಕಥೆ ಇಲ್ಲ. ಆಯಿಲ್, ಫಿಲ್ಟರ್, ಟೈರು, ಒಂದು ಬ್ಯಾಟರಿ. ಅಲ್ಲಿಗೆ ಯಾವ ಕಾರಿನದೂ ಗುಣ ಗೊತ್ತಾಗೋದಿಲ್ಲ. 88,000ಕ್ಕೆ ಕ್ಲಚ್ ಪ್ಲೇಟ್. 1,12,000ಕ್ಕೆ ಮುಂದಿನ ಲೋವರ್ ಆರ್ಮ್ ಬುಷ್, ಲಿಂಕ್ ರಾಡ್. 1,41,000ಕ್ಕೆ ಎಸಿ ಗ್ಯಾಸ್ ಸೋರಿಕೆ. 1,63,000ಕ್ಕೆ ಇಜಿಆರ್ ವಾಲ್ವ್ ಬಿಚ್ಚಿ ಮಸಿ ತೆಗೆದದ್ದು. 1,78,000ಕ್ಕೆ ಎರಡನೇ ಕ್ಲಚ್. 2,02,000ಕ್ಕೆ ರೇಡಿಯೇಟರ್ ಮತ್ತು ಹೋಸ್ ಪೈಪ್. 2,19,000ಕ್ಕೆ ಶಾಕಪ್ ನಾಲ್ಕೂ. 2,38,000ಕ್ಕೆ ಎಂಜಿನ್ ಮೌಂಟಿಂಗ್, ಮತ್ತೆ ಬುಷ್.

ಈ ಪಟ್ಟಿಯನ್ನ ಎರಡು ಸಲ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತೆ. ಎಂಜಿನ್ನಿನ ಹೆಡ್ ಇವತ್ತಿನವರೆಗೆ ಬಿಚ್ಚಿಲ್ಲ. ಗೇರ್‌ಬಾಕ್ಸ್ ಒಳಗೆ ಕೈ ಹಾಕಿಲ್ಲ. ಕೆಟ್ಟದ್ದೆಲ್ಲ ಹೆಚ್ಚಾಗಿ ರಬ್ಬರು, ಪ್ಲಾಸ್ಟಿಕ್ಕು ಮತ್ತು ಉಜ್ಜಿ ಸವೆಯೋಕಂತಲೇ ಇರೋ ಭಾಗಗಳು. ಬುಷ್ ಅಂದ್ರೆ ಚಕ್ರ ಹಿಡಿದಿರೋ ಕಬ್ಬಿಣದ ತೋಳು ಬಾಡಿಗೆ ಸೇರೋ ಜಾಗದ ರಬ್ಬರು. ಮೌಂಟಿಂಗ್ ಅಂದ್ರೆ ಎಂಜಿನ್ನು ಕೂತಿರೋ ರಬ್ಬರು. ಹೋಸ್ ಪೈಪೂ ರಬ್ಬರು. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮ ಕಡೆ ನಲವತ್ತು ಡಿಗ್ರಿ ಮುಟ್ಟೋದು ಸಾಮಾನ್ಯ. ಬಾನೆಟ್ ಒಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ರಬ್ಬರು ಗಟ್ಟಿಯಾಗಿ ಬಿರುಕು ಬಿಡುತ್ತೆ. ಮಂಗಳೂರು ಕಡೆ ಕಾರಿಗೆ ತುಕ್ಕು ಶತ್ರು ಆದ್ರೆ ಬಾಗಲಕೋಟೆ ಕಾರಿಗೆ ಕಾವು ಶತ್ರು. ನಮ್ಮ ಒಣ ಹವೆಯಲ್ಲಿ ತಗಡು ಉಳಿಯುತ್ತೆ, ರಬ್ಬರು ಸಾಯುತ್ತೆ. ‘ಎರಡು ಲಕ್ಷ ಓಡಿದೆ, ಎಂಜಿನ್ ಮುಗೀತು’ ಅಂತ ಹೇಳೋರಿಗೆ ನೋಟ್‌ಬುಕ್ ಕೊಡೋ ಉತ್ತರ ಇಷ್ಟೇ: ನಮ್ಮ ಗಾಡಿಯಲ್ಲಿ ಮೊದಲು ಮುಗಿದದ್ದು ಎಂಜಿನ್ನಿನ ಸುತ್ತ ಇರೋ ಅಗ್ಗದ ಸಾಮಾನು.

ಎಂಜಿನ್ ಯಾಕೆ ಉಳೀತು ಅನ್ನೋದಕ್ಕೆ ಕಾರಣ ಅಪ್ಪನ ಶಿಸ್ತು ಅರ್ಧ. ಹತ್ತು ಸಾವಿರಕ್ಕೆ ಆಯಿಲ್ ಅಂದ್ರೆ ಹತ್ತು ಸಾವಿರಕ್ಕೇ. ದೂರ ಓಡಿ ಬಂದ ಮೇಲೆ ಕೀ ತಕ್ಷಣ ಬಂದ್ ಮಾಡದೆ ಅರ್ಧ ನಿಮಿಷ ಬಿಟ್ಟು ಟರ್ಬೋ ತಣ್ಣಗಾದ ಮೇಲೆ ಬಂದ್ ಮಾಡೋದು. ಇನ್ನರ್ಧ ಕಾರಣ ಎಂಜಿನ್ನಿನದೇ. ಫಿಯಟ್ ಮತ್ತು ಜನರಲ್ ಮೋಟರ್ಸ್ ಸೇರಿ ರೂಪಿಸಿ 2003ರಲ್ಲಿ ಹೊರತಂದ 1.3 ಲೀಟರಿನ ಮಲ್ಟಿಜೆಟ್, 1,248 ಸಿಸಿ. ನಮ್ಮ ದೇಶದಲ್ಲಿ ಇದು ಫಿಯಟ್‌ನ ಪುಂಟೋ, ಲೀನಿಯಾದಲ್ಲಿ ಇತ್ತು. ಮಾರುತಿಯ ಸ್ವಿಫ್ಟ್, ಡಿಸೈರ್, ರಿಟ್ಜ್‌ನಲ್ಲಿ ಇತ್ತು. ಟಾಟಾದ ಇಂಡಿಕಾ ವಿಸ್ಟಾ, ಮಾಂಜಾದಲ್ಲಿ ಇತ್ತು. ಎಷ್ಟು ಕಡೆ ಅಂದ್ರೆ ಇದಕ್ಕೆ ‘ರಾಷ್ಟ್ರೀಯ ಎಂಜಿನ್’ ಅಂತ ಅಡ್ಡಹೆಸರೇ ಬಿತ್ತು. ಈ ಎಂಜಿನ್ ಹಾಕಿದ ಸೆಡಾನ್‌ಗಳಲ್ಲಿ ನಮ್ಮದೂ ಒಂದು. ಒಳಗೆ ಟೈಮಿಂಗ್ ಬೆಲ್ಟ್ ಬದಲು ಚೈನ್ ಇದೆ, ಹಾಗಾಗಿ ಇಷ್ಟು ಸಾವಿರಕ್ಕೊಮ್ಮೆ ಬೆಲ್ಟ್ ಬದಲಿಸೋ ಖರ್ಚಿಲ್ಲ.

ಆದರೆ ನಮಗೆ ಬೇಕಾಗಿದ್ದ ಗುಣ ಅದರ ತಂತ್ರಜ್ಞಾನಕ್ಕಿಂತ ಅದರ ಹರಡಿಕೆ. ಮೂರು ಕಂಪನಿಯ ಬಾನೆಟ್ ಅಡಿ ಒಂದೇ ಎಂಜಿನ್ ಇದ್ದುದರಿಂದ ಜಿಲ್ಲೆಯ ಸಣ್ಣ ಊರುಗಳ ಮಿಸ್ತ್ರಿಗಳೂ ಅದನ್ನ ನೂರಾರು ಸಲ ಬಿಚ್ಚಿ ಕಲಿತರು. ಬಿಡಿಭಾಗ ಹೊರಗಿನ ಅಂಗಡಿಗಳಿಗೂ ಬಂದವು. ಓಪನ್ ಸೋರ್ಸ್ ಲೈಬ್ರರಿ ಆರಿಸುವಾಗ ನಾವು ಏನು ನೋಡ್ತೀವಿ? ಎಷ್ಟು ಜನ ಬಳಸ್ತಾರೆ, ಕೇಳಿದರೆ ಉತ್ತರ ಸಿಗುತ್ತಾ ಅಂತ ತಾನೇ? ಹತ್ತು ವರ್ಷ ಇಟ್ಕೊಳ್ಳೋ ಕಾರಿಗೂ ಅದೇ ಮಾತು. ಯಾವ ರಿವ್ಯೂದಲ್ಲೂ ‘ಈ ಎಂಜಿನ್ ಬೇರೆ ಎಷ್ಟು ಗಾಡಿಯಲ್ಲಿದೆ’ ಅನ್ನೋದಕ್ಕೆ ಅಂಕ ಕೊಟ್ಟಿದ್ದು ನಾನು ನೋಡಿಲ್ಲ.

ನೋಟ್‌ಬುಕ್ಕಿನ ‘ಷರಾ’ ಕಾಲಂ ಇನ್ನೂ ಮಜಾ. ಅಲ್ಲಿ ಅಪ್ಪ ರಿಪೇರಿಯ ವಿಮರ್ಶೆ ಮಾಡಿದ್ದಾರೆ. ‘ಒಂದು ತಿಂಗಳು ಮೊದಲೇ ಸಪ್ಪಳ ಮಾಡಿ ಹೇಳಿತ್ತು.’ ‘ಒಂದು ಬುಷ್ ಸಾಕಿತ್ತು, ಪೂರಾ ಆರ್ಮ್ ಹಾಕಿಸಿದರು.’ ‘ಬಲ್ಬು 120 ರೂಪಾಯಿ, ಬಿಚ್ಚುವ ಕೂಲಿ 300.’ ಈ ಷರಾಗಳನ್ನ ಜೋಡಿಸಿದರೆ ನಾಲ್ಕು ಅಳತೆ ಸಿಗುತ್ತವೆ. ಯಾವ ಕಾರನ್ನಾದರೂ ಅದರಲ್ಲಿ ತೂಗಬಹುದು.

ಒಂದನೇದು, ಕೆಡೋ ಮುಂಚೆ ಹೇಳುತ್ತಾ? ಕ್ಲಚ್ ಸವೆದರೆ ಏರಿನಲ್ಲಿ ಎಂಜಿನ್ ಕೂಗುತ್ತೆ, ಗಾಡಿ ಓಡೋದಿಲ್ಲ. ವಾರಗಟ್ಟಲೆ ಹಾಗೆ ಹೇಳ್ತಾ ಬರುತ್ತೆ. ವೀಲ್ ಬೇರಿಂಗ್ ಹೋದರೆ ವೇಗ ಹೆಚ್ಚಿದ ಹಾಗೆ ಗುಂಯ್ ಅನ್ನೋ ಸದ್ದೂ ಹೆಚ್ಚುತ್ತೆ. ಬುಷ್ ಹೋದರೆ ಗುಂಡಿಯಲ್ಲಿ ‘ಟಕ್ ಟಕ್’. ಅವ್ವನನ್ನ ಕೂರಿಸಿಕೊಂಡು ಹೋಗೋ ಗಾಡಿ ಕೆಡೋದು ದೊಡ್ಡ ವಿಷಯ ಅಲ್ಲ, ಹೇಳದೆ ಕೆಡೋದು ದೊಡ್ಡ ವಿಷಯ. ಹೊಸ ಕಾರುಗಳು ತಾವೇನೋ ಹೇಳ್ತಾವೆ, ಆದರೆ ಹಳದಿ ಬಣ್ಣದ ಒಂದು ಎಂಜಿನ್ ಚಿತ್ರ ಹಚ್ಚಿ. ಸೆನ್ಸರ್‌ಗೆ ಧೂಳು ಕೂತರೂ ಅದೇ ದೀಪ, ಇಂಜೆಕ್ಟರ್ ಹೋದರೂ ಅದೇ ದೀಪ. ಎರರ್ ಮೆಸೇಜ್ ಅಂದ್ರೆ ‘ಸಮ್‌ಥಿಂಗ್ ವೆಂಟ್ ರಾಂಗ್’ ಅಂತ ಬರೆಯೋ ಪ್ರೋಗ್ರಾಮರ್‌ಗಳು ನಮ್ಮಲ್ಲೇ ಅಲ್ಲ, ಅಲ್ಲೂ ಇದ್ದಾರೆ.

ಎರಡನೇದು, ಬಿಚ್ಚೋಕೆ ಬರುತ್ತಾ? ಹೆಡ್‌ಲೈಟ್ ಬಲ್ಬ್ ಬದಲಿಸೋಕೆ ಬಾನೆಟ್ ಎತ್ತಿ ಹಿಂದಿನಿಂದ ಕೈ ಹಾಕಿದರೆ ಸಾಕಾ, ಬಂಪರ್ ಬಿಚ್ಚಬೇಕಾ? ಎರಡೂ ತರಹದ ಕಾರುಗಳಿವೆ. ಡಿಸೈನ್ ಮಾಡೋನು ಗ್ಯಾರೇಜಿನ ಹುಡುಗನ ಕೈಯನ್ನ ಒಮ್ಮೆಯಾದರೂ ನೆನೆಸಿಕೊಂಡಿದ್ದಾನಾ ಅಂತ ಇಲ್ಲಿ ಗೊತ್ತಾಗುತ್ತೆ. ನಮ್ಮ ಕಾರಿಗೆ ಇದರಲ್ಲಿ ಅರ್ಧ ಅಂಕ. ಮೇಲಿನ ಭಾಗಗಳು ಸಲೀಸು, ಕೆಳಗಿನವು ಶಾಪ.

ಮೂರನೇದು, ಬಿಡಿಭಾಗ ನಿಜಕ್ಕೂ ಬಿಡಿಯಾಗಿ ಸಿಗುತ್ತಾ? ನೂರಿನ್ನೂರು ರೂಪಾಯಿಯ ರಬ್ಬರು ಹೋದರೆ ಎರಡು ಸಾವಿರದ ಆರ್ಮ್ ಯಾಕೆ ಕೊಳ್ಳಬೇಕು? ಆದರೆ ವರ್ಷ ಕಳೆದ ಹಾಗೆ ‘ಅಸೆಂಬ್ಲಿ’ ಅನ್ನೋ ಪದ ಬಿಲ್ಲಿನಲ್ಲಿ ಹೆಚ್ಚಾಗ್ತಾ ಬಂದಿದೆ. ಬೇರಿಂಗ್ ಬದಲು ಹಬ್ ಅಸೆಂಬ್ಲಿ, ಬಲ್ಬ್ ಬದಲು ಲ್ಯಾಂಪ್ ಅಸೆಂಬ್ಲಿ. ಹೊಸ ಕಾರುಗಳ ಎಲ್ಇಡಿ ದೀಪದಲ್ಲಿ ಒಂದು ಸಾಲು ಹೋದರೆ ಹೆಚ್ಚಾಗಿ ಪೂರಾ ದೀಪವೇ ಬದಲು. ಕೈಮಗ್ಗದಲ್ಲಿ ಒಂದು ಎಳೆ ಕಡಿದರೆ ನೇಕಾರ ಆ ಎಳೆಯನ್ನೇ ಹುಡುಕಿ ಗಂಟು ಹಾಕ್ತಾನೆ. ಹಾಸನ್ನೇ ಬಿಸಾಕಿ ಹೊಸ ಹಾಸು ಹೂಡು ಅಂದರೆ ಗುಳೇದಗುಡ್ಡದಲ್ಲಿ ಯಾರಾದರೂ ಒಪ್ತಾರಾ?

ನಾಲ್ಕನೇದು, ಮಾಡೋ ಮನುಷ್ಯ ನಮ್ಮೂರಿನ ಹತ್ತಿರ ಇದ್ದಾನಾ? ನಮ್ಮ ಗಾಡಿ ನೋಡೋ ಮಿಸ್ತ್ರಿಯನ್ನ ಊರೆಲ್ಲ ಚಾಚಾ ಅಂತ ಕರೀತಾರೆ. ಕೀಲಿ ಹಾಕಿಸಿ ಬಾನೆಟ್ ಮೇಲೆ ಕೈ ಇಡ್ತಾರೆ, ಕಣ್ಣು ಮುಚ್ಚಿ ಕೇಳ್ತಾರೆ. ಪಾನಾ ಕೈಗೆ ತಗೊಳ್ಳೋದು ಆಮೇಲೆ. ಹೋದ ವರ್ಷ ಅಪ್ಪ ಬೇರಿಂಗ್ ಬದಲಿಸಿಬಿಡಿ ಅಂದಾಗ ಅವರು ಹೇಳಿದ್ದು: “ಮಾಸ್ತರ್ರ, ಸಪ್ಪಳ ಮಾಡಾಕತ್ತೈತಿ ಖರೆ, ಇನ್ನಾ ಎರಡ್ ತಿಂಗ್ಳ ನಡೀತೈತ್ರಿ. ಸುಮ್ನ ರೊಕ್ಕ ಹಾಳ ಮಾಡಬ್ಯಾಡ್ರಿ. ಹೆಚ್ಚಾತಂದ್ರ ನಾನ ಹೇಳ್ತೀನಿ.” ಕೆಲಸ ಬೇಡ ಅಂತ ಹೇಳಿ ದುಡ್ಡು ಬಿಟ್ಟುಕೊಡೋ ತಜ್ಞ ನಿಮ್ಮ ಆಫೀಸಿನಲ್ಲಿ ಎಷ್ಟು ಜನ ಇದ್ದಾರೆ, ಎಣಿಸಿ ನೋಡಿ.

ಈ ನಾಲ್ಕನೇ ಅಳತೆಗೆ ಕುತ್ತು ಬಂದಿರೋದರಿಂದಲೇ ಇದನ್ನೆಲ್ಲ ಬರೀತಿದ್ದೀನಿ. ಚಾಚಾನಿಗೆ ಕಿವಿ ಇದೆ, ಕೈ ಇದೆ. ಆದರೆ ಹೊಸ ಕಾರಿಗೆ ಕಂಪನಿಯ ಸ್ಕ್ಯಾನರ್ ಬೇಕು, ಕೆಲವು ಭಾಗ ಹಾಕಿದ ಮೇಲೆ ಸಾಫ್ಟ್‌ವೇರಿನಲ್ಲಿ ‘ಇದು ನಿನ್ನದೇ’ ಅಂತ ಕಾರಿಗೆ ಹೇಳಬೇಕು. ಆ ಬೀಗದ ಕೀ ಚಾಚಾನ ಹತ್ತಿರ ಇಲ್ಲ. ಇದು ಬರೀ ನನ್ನ ಗೊಣಗಾಟ ಅಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಆರೋಪ ಏನಂದ್ರೆ, ಅಸಲಿ ಬಿಡಿಭಾಗ ಮತ್ತು ದೋಷ ಪತ್ತೆ ಮಾಡೋ ಉಪಕರಣಗಳನ್ನ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿ ಮಾರುಕಟ್ಟೆಯನ್ನ ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದಾರೆ ಅಂತ. ಅವನ್ನ ಹೊರಗಿನವರಿಗೂ ಸಿಗೋ ಹಾಗೆ ಮಾಡಿ ಅಂತಲೂ ಆಯೋಗ ಹೇಳಿತು. ಕಂಪನಿಗಳು ಮೇಲ್ಮನವಿ ಹೋದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರೈಟ್ ಟು ರಿಪೇರ್’ ಅಂತ ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲ್, ಗೃಹಬಳಕೆ ಯಂತ್ರಗಳ ಜೊತೆ ಕಾರನ್ನೂ ಪಟ್ಟಿಯಲ್ಲಿ ಸೇರಿಸಿತು, ಒಂದು ಪೋರ್ಟಲ್ ಕೂಡ ಬಂತು. ಪೋರ್ಟಲ್ ಬಂದರೆ ಒಳ್ಳೇದೇ. ಆದರೆ ಗುಳೇದಗುಡ್ಡದ ಗ್ಯಾರೇಜಿಗೆ ಬೇಕಾಗಿರೋದು ಕೈಗೆಟುಕೋ ಬೆಲೆಯ ಸ್ಕ್ಯಾನರ್, ಕೈಪಿಡಿ ಮತ್ತು ಬಿಡಿ ಬುಷ್.

ಇಲ್ಲಿವರೆಗೆ ಓದಿದೋರಿಗೆ ‘ಇವನೊಬ್ಬ ಹಳೇದರ ಭಕ್ತ’ ಅನ್ನಿಸಿರಬಹುದು. ಅಲ್ಲ. ಹಳೇ ಕಾರಿನ ಬಗ್ಗೆ ನಮ್ಮಲ್ಲಿ ನಡೆಯೋ ಭಾವುಕ ಬರವಣಿಗೆಯ ಮೇಲೂ ನನಗೆ ಅಷ್ಟೇ ತಕರಾರಿದೆ. ‘ಅಪ್ಪನ ಕಾರು, ನೆನಪಿನ ಕಾರು’ ಅಂತ ಸೂರ್ಯಾಸ್ತದ ಫೋಟೊ ಹಾಕಿ ಬರೆಯೋದು ಸುಲಭ. ಆ ಬರಹಗಳಲ್ಲಿ ಬ್ರೇಕಿನ ಮಾತೇ ಬರೋದಿಲ್ಲ. ನಮ್ಮ ಗಾಡಿಯಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. 2011ರಲ್ಲಿ ಅವು ಕಡ್ಡಾಯ ಇರಲಿಲ್ಲ, ಮೇಲಿನ ವೇರಿಯಂಟಿಗೆ ಮಾತ್ರ. ಹೊಸ ಕಾರುಗಳಿಗೆ ಎಬಿಎಸ್ ಪೂರ್ತಿ ಕಡ್ಡಾಯ ಆಗಿದ್ದು 2019ರ ಏಪ್ರಿಲ್‌ನಲ್ಲಿ, ಡ್ರೈವರ್ ಏರ್‌ಬ್ಯಾಗ್ ಅದೇ ವರ್ಷ ಜುಲೈನಲ್ಲಿ. ಇದನ್ನ ಚಾಚಾ ರಿಪೇರಿ ಮಾಡೋಕೆ ಆಗಲ್ಲ. ಇಲ್ಲದ್ದನ್ನ ಯಾವ ಮಿಸ್ತ್ರಿಯೂ ಸರಿಪಡಿಸಲಾರ.

ಹೊಗೆಯ ಲೆಕ್ಕವೂ ಅಷ್ಟೇ. 2020ರ ಏಪ್ರಿಲ್‌ನಿಂದ ಬಿಎಸ್-6 ಬಂತು. ಅದರ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯೋ ಫಿಲ್ಟರ್ ಇರುತ್ತೆ, ನಮ್ಮದರಲ್ಲಿ ಇಲ್ಲ. ಮಾರುತಿ ಅಂತೂ ಅದೇ ತಿಂಗಳಿಂದ ಡೀಸೆಲ್ ಕಾರನ್ನೇ ನಿಲ್ಲಿಸಿತು, ‘ರಾಷ್ಟ್ರೀಯ ಎಂಜಿನ್’ನ ಕಾಲವೂ ಅಲ್ಲಿಗೆ ಹೆಚ್ಚುಕಡಿಮೆ ಮುಗೀತು. ಮುಂದಿನ ಹತ್ತು ವರ್ಷದಲ್ಲಿ ಇದರ ಬಿಡಿಭಾಗ ಇಷ್ಟೇ ಸಲೀಸಾಗಿ ಸಿಗುತ್ತೆ ಅಂತ ನಂಬಿ ಕೂರೋಕೂ ಆಗಲ್ಲ.

ಇನ್ನು ಅಂಬಾಸಿಡರ್ ಉದಾಹರಣೆ ಕೊಡೋರು ಇದ್ದಾರೆ. ಐವತ್ತರ ದಶಕದ ಕೊನೆಯಿಂದ 2014ರ ತನಕ ಉತ್ತರಪಾರಾದ ಕಾರ್ಖಾನೆಯಿಂದ ಬಂದ ಗಾಡಿ, ಎಲ್ಲಿ ಕೆಟ್ಟರೂ ಅಲ್ಲೇ ಒಬ್ಬ ಮಿಸ್ತ್ರಿ ಸಿಗ್ತಿದ್ದ. ನಿಜ. ಆದರೆ ಅದು ಅಷ್ಟು ರಿಪೇರಿ ಮಾಡೋಕೆ ಬರ್ತಿದ್ದದ್ದು ಅಷ್ಟು ರಿಪೇರಿಗೆ ಬರ್ತಿದ್ದದ್ದರಿಂದಲೂ ಹೌದು. ಲೈಸೆನ್ಸ್ ರಾಜ್ಯದಲ್ಲಿ ಕೊಳ್ಳೋನಿಗೆ ಬೇರೆ ಆಯ್ಕೆ ಕಡಿಮೆ ಇತ್ತು, ಕಂಪನಿಗೆ ಬದಲಾಗೋ ಗರಜು ಇರಲಿಲ್ಲ. ರಿಪೇರಿಗೆ ಬಗ್ಗೋ ಗುಣ ಒಂದೇ ಇದ್ದರೆ ಒಳ್ಳೇ ಕಾರು ಆಗೋದಿಲ್ಲ. ಖಣಕ್ಕೆ ಗಂಟು ಚೆನ್ನಾಗಿದ್ದರೆ ಸಾಲದು, ಬಣ್ಣವೂ ನಿಲ್ಲಬೇಕು.

ಈಗ ದುಡ್ಡು. ನೋಟ್‌ಬುಕ್ಕಿನ ಕೊನೆಯ ಮೂರು ವರ್ಷದ ಖರ್ಚು: 34,000, 21,500, 38,000. ಸರಾಸರಿ ವರ್ಷಕ್ಕೆ 31,000 ಚಿಲ್ಲರೆ. ಹತ್ತು ಲಕ್ಷದ ಸಾಲ, ಏಳು ವರ್ಷ, ಶೇ 9ರ ಬಡ್ಡಿ ಅಂದ್ರೆ ಇಎಂಐ ತಿಂಗಳಿಗೆ 16,000 ಆಗುತ್ತೆ. ಹಳೇ ಗಾಡಿಯ ಇಡೀ ವರ್ಷದ ರಿಪೇರಿ ಹೊಸ ಗಾಡಿಯ ಎರಡು ಕಂತು. ಗೆಳೆಯರ ಹತ್ತಿರ ಈ ಲೆಕ್ಕ ಹೇಳಿದರೆ ‘ಹಾಗಾದ್ರೆ ಮಾತೇ ಬೇಡ, ಇಟ್ಕೋ’ ಅಂತಾರೆ. ಆದರೆ ಈ ಲೆಕ್ಕದಲ್ಲಿ ಒಂದು ಕಾಲಂ ಬಿಟ್ಟುಹೋಗಿದೆ. ಗಾಡಿ ಗ್ಯಾರೇಜಿನಲ್ಲಿ ನಿಂತ ದಿನಗಳದು. ಹೋದ ವರ್ಷ ಹನ್ನೊಂದು ದಿನ ನಿಂತಿತ್ತು, ಅದರಲ್ಲಿ ಎರಡು ಡಯಾಲಿಸಿಸ್ ದಿನ. ಅವೆರಡೂ ದಿನ ಬಾಡಿಗೆ ಗಾಡಿ ಮಾಡಿ ಹೋದ್ರು. ನಮಗೆ ಬಾಡಿಗೆ ಗಾಡಿ ಸಿಕ್ಕಿತು. ಸಿಗದ ದಿನದ ಬೆಲೆಯನ್ನ ಎಕ್ಸೆಲ್‌ನಲ್ಲಿ ಯಾವ ಸಾಲಿಗೆ ಹಾಕೋದು?

ಸರ್ಕಾರದ ತೂಕವನ್ನೂ ನೋಡೋಣ. ದೆಹಲಿಯಲ್ಲಿ ಹಸಿರು ನ್ಯಾಯಮಂಡಳಿ ಮತ್ತು 2018ರ ಸುಪ್ರೀಂ ಕೋರ್ಟ್ ಆದೇಶದಿಂದ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ರಸ್ತೆ ಬಂದ್ ಅಂತಾಯ್ತು. ಅಲ್ಲಿಯ ಗಾಳಿ ನೋಡಿದರೆ ಆ ಸಿಟ್ಟು ಅರ್ಥ ಆಗುತ್ತೆ. ಆದರೆ ವಯಸ್ಸು ಅನ್ನೋದು ಸೋಮಾರಿ ಅಳತೆ. ಆಯಿಲ್ ಕಾಣದ ಆರು ವರ್ಷದ ಗಾಡಿ ದಾಟಿ ಹೋಗ್ತಿತ್ತು, ನೋಟ್‌ಬುಕ್ ಇರೋ ಹದಿನಾಲ್ಕು ವರ್ಷದ್ದು ನಿಂತುಬಿಡ್ತಿತ್ತು. 2021ರ ಸ್ಕ್ರ್ಯಾಪೇಜ್ ನೀತಿ ಇದಕ್ಕಿಂತ ವಾಸಿ. ಸ್ವಂತ ಕಾರಿಗೆ ಹದಿನೈದು ಆದಾಗ ಅದು ಫಿಟ್‌ನೆಸ್ ಕೇಳುತ್ತೆ. ರಿನ್ಯೂವಲ್ ಶುಲ್ಕವನ್ನ 2022ರ ಏಪ್ರಿಲ್‌ನಿಂದ 600 ರೂಪಾಯಿಂದ 5,000ಕ್ಕೆ ಏರಿಸಿದ್ದಾರೆ. ಕಟ್ಟೋಣ ಬಿಡಿ, ಅದರಿಂದ ಮನೆ ಮುಳುಗೋದಿಲ್ಲ. ನನ್ನ ಬೇಡಿಕೆ ಒಂದೇ: ಪರೀಕ್ಷೆ ನಿಜವಾದ ಪರೀಕ್ಷೆ ಆಗಿರಲಿ. ಬ್ರೇಕು, ಸ್ಟೀರಿಂಗು, ಹೊಗೆ, ಮೂರನ್ನೂ ಯಂತ್ರದ ಮೇಲೆ ಇಟ್ಟು ಅಳೆಯಲಿ. ಫೇಲ್ ಆದರೆ ನಮ್ಮ ಗಾಡಿಯನ್ನೂ ಮುಲಾಜಿಲ್ಲದೆ ಗುಜರಿಗೆ ಕಳಿಸಲಿ. ಬಾನೆಟ್ ಎತ್ತದೆ ಹೊಡೆಯೋ ಠಸ್ಸೆಯಿಂದ ಅವ್ವನಿಗೆ ಏನೂ ಉಪಯೋಗ ಇಲ್ಲ.

ಹಾಗಾದ್ರೆ ನನ್ನ ತೀರ್ಪು. ನಾಲ್ಕು ಅಳತೆಯಲ್ಲಿ ಈ ಸೆಡಾನ್‌ಗೆ ಮೊದಲನೆಯದರಲ್ಲಿ ಪೂರ್ತಿ ಅಂಕ, ಎರಡನೆಯದರಲ್ಲಿ ಅರ್ಧ, ಮೂರನೆಯದರಲ್ಲಿ ಮುಕ್ಕಾಲು, ನಾಲ್ಕನೆಯದರಲ್ಲಿ ಪೂರ್ತಿ. ಸುರಕ್ಷತೆಯಲ್ಲಿ ಫೇಲ್. ಹಾಗಾಗಿ ಕೆಲಸವನ್ನ ಹಂಚಬೇಕು. ಬೆಂಗಳೂರಿಗೆ ಹೆದ್ದಾರಿಯಲ್ಲಿ ಬರೋದು ಬಂದ್. ಅದು ರೈಲಿನಲ್ಲಿ. ಹಗಲು ಹೊತ್ತಲ್ಲಿ, ಅರವತ್ತರ ವೇಗದಲ್ಲಿ, ಪರಿಚಯದ ದಾರಿಯಲ್ಲಿ ಬಾಗಲಕೋಟೆಗೆ ಹೋಗಿಬರೋದು ಸದ್ಯಕ್ಕೆ ಇದರದ್ದೇ. ಬ್ರೇಕ್, ಟೈರು, ಹೋಸ್ ಪೈಪಿಗೆ ಕೆಡೋವರೆಗೆ ಕಾಯೋದಿಲ್ಲ, ಮಿತಿ ಹಾಕಿ ಬದಲಿಸೋದು. ಆರ್‌ಸಿ ರಿನ್ಯೂವಲ್ ಆದಮೇಲೂ ಗ್ಯಾರೇಜಿನಲ್ಲಿ ನಿಂತ ದಿನ ವರ್ಷಕ್ಕೆ ಹದಿನೈದು ದಾಟಿದರೆ, ಅಥವಾ ಬಾಡಿಯ ಅಡಿ ತುಕ್ಕು ಕಂಡರೆ, ಅಂದೇ ಬೇರೆ ಗಾಡಿ. ಅಪ್ಪ ಇದನ್ನ ಷರಾ ಕಾಲಂನಲ್ಲಿ ಬರೆದುಕೊಂಡಿದ್ದಾರೆ. “ಗಾಡಿ ಎಂದೂ ದಾರ್‍ಯಾಗ ಕೈ ಬಿಟ್ಟಿಲ್ಲ, ನಾವು ಯಾಕ ಅವಸರ ಮಾಡೂದು” ಅನ್ನೋದು ಅವರ ವಾದ. ಅವ್ವನಿಗೆ ಯಾವುದಾದರೂ ನಡೆಯುತ್ತೆ. ಹೊಸ ಕಾರಿನ ವಿಡಿಯೊ ತೋರಿಸಿದಾಗ ಅವಳು ಕೇಳಿದ ಪ್ರಶ್ನೆ ಒಂದೇ: “ಮ್ಯಾಲೆ ಕಿಟಕಿ ಯಾಕೋ ತಮ್ಮಾ, ನಮ್ಮಲ್ಲಿ ಬಿಸಿಲು ಕಮ್ಮಿ ಆಗೈತೇನು?”

ಆ ಪ್ರಶ್ನೆಗೆ ರಿವ್ಯೂ ಮಾಡೋರು ಉತ್ತರ ಕೊಡಲಿ. ಓದುಗರಾದ ನಿಮಗೆ ನನ್ನದೊಂದು ಸಲಹೆ. ಹೊಸ ಕಾರು ನೋಡ್ತಿದ್ರೆ ಶೋರೂಮಿಗೆ ಹೋಗೋ ಮುಂಚೆ ನಿಮ್ಮ ಮನೆ ಹತ್ತಿರದ, ಬೋರ್ಡು ಮಸಿ ಹಿಡಿದಿರೋ ಒಂದು ಗ್ಯಾರೇಜಿಗೆ ಹೋಗಿ. ನೀವು ಮನಸ್ಸು ಮಾಡಿರೋ ಮಾಡೆಲ್ಲಿನದೇ ಎಂಟು ಹತ್ತು ವರ್ಷದ ಹಳೇ ಗಾಡಿ ಅಲ್ಲಿ ಬಂದಿದೆಯಾ, ಯಾಕೆ ಬಂದಿದೆ ಅಂತ ಕೇಳಿ. ಹಾಗೇ ಊರಲ್ಲಿ ಅಪ್ಪ ಅಮ್ಮನಿಗೆ ಅಂತ ಕೊಳ್ಳೋದಾದ್ರೆ ಬೆಂಗಳೂರಿನ ಗ್ಯಾರೇಜ್ ಸಾಲದು, ಊರಿನ ಗ್ಯಾರೇಜಿನಲ್ಲೇ ಕೇಳಿ. ಓಡಿಸೋರು ಅಲ್ಲಿದ್ದಾರೆ, ಕೆಡೋದೂ ಅಲ್ಲೇ. ಆ ಮಿಸ್ತ್ರಿ ಒಂದು ನಿಮಿಷ ಸುಮ್ಮನಿದ್ದು ತಲೆ ತುರಿಸಿಕೊಂಡರೆ, ಆ ಒಂದು ನಿಮಿಷಕ್ಕೆ ಅರ್ಧ ಗಂಟೆಯ ವಿಡಿಯೊಗಿಂತ ಹೆಚ್ಚು ತೂಕ ಕೊಡಿ.